ಹೆಬ್ಬೆರಳಿನಿಂದ ಆರಿಸಿದ ಸೀಟು

ಕಳೆದ ವರ್ಷ ಯುಗಾದಿಗೆ ಮುಂಚಿನ ಸೋಮವಾರ ನಡೆದದ್ದು ಇದು. ಡೇರಿಯ ಎಲೆಕ್ಟ್ರಿಕ್ ಬೈಕಿನಲ್ಲಿ ದಿನಕ್ಕೆ ಐದು ಗಂಟೆ ಸುತ್ತಿ, ಹಳ್ಳಿಗಳಿಂದ ಪರೀಕ್ಷೆಗೆ ಹಾಲಿನ ಮಾದರಿ ತರುವವಳು ಹೇಮಾವತಿ. ಬೈಕಿನ ಜೊತೆ ಬಂದ ಸೀಟಿನಿಂದ ಅವಳ ಸೊಂಟ ಹಿಡಿದುಕೊಂಡಿತ್ತು. "ಸೀಟು ಬದಲಿಸಿ, ಇಲ್ಲವೇ ಕೆಲಸ ಬದಲಿಸಿ" ಎಂದಿದ್ದರು ಡಾಕ್ಟರು.

ಬಿಡಿಭಾಗದ ಅಂಗಡಿಯವನು ಎರಡು ಸೀಟು ಕಳಿಸಿದ್ದ. ಡೇರಿಯ ವ್ಯವಸ್ಥಾಪಕ ಪಂಪಾಪತಿ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಈ ತೆಳ್ಳನೆಯದೇ ಇರಲಿ. ನೋಡೋಕೆ ಠೀವಿಯಾಗಿದೆ. ಆ ದಪ್ಪದ್ದು ಒಳ್ಳೇ ಹಾಸಿಗೆ ಥರ ಇದೆ."

"ಆಗಲಿ ಸರ್," ಎಂದಳು ಹೇಮಾವತಿ. "ಆದರೆ ಒತ್ತಿದ್ದು ಬೆರಳು. ಕೂರೋದು ಬೆರಳಲ್ಲವಲ್ಲ. ನಾನು ಕೂರುವಷ್ಟು ಹೊತ್ತು ನೀವೂ ಕೂತುಬಿಡಿ. ಮತ್ತೆ ಸೊಂಟದ ಮಾತೇ ಎತ್ತಲ್ಲ."

"ಐದು ಗಂಟೆ ತಾನೆ? ಅದೇನು ಮಹಾ!"

ತೆಳ್ಳನೆಯ ಸೀಟು ಹಾಕಿ ಬೈಕನ್ನು ನೆರಳಲ್ಲಿ ನಿಲ್ಲಿಸಿದರು. ಪಂಪಾಪತಿ ಅದರ ಮೇಲೆ ಕೂತೇ ಕಡತ ನೋಡತೊಡಗಿದರು. ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಫೋನು ಬಂದದ್ದೇ ನೆಪ, ಎದ್ದು ನಿಂತು ಮಾತಾಡಿದರು. ಕೊನೆಗೆ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ದಪ್ಪದ್ದೇ ಹಾಕಿಸಮ್ಮ. ಇಷ್ಟು ದಿನ ಹೇಗೆ ಕೂತೆ ನೀನು?"

ಹೇಮಾವತಿ ಗಡಿಯಾರ ನೋಡಿದಳು. ಆಗಿದ್ದದ್ದು ಹತ್ತೊಂಬತ್ತು ನಿಮಿಷ.