ಮಸಿ ನಿಂತ ಕಡೆ

"ಬುದ್ಧಿ, ತಾನು ಬರೆದದ್ದನ್ನು ತಾನೇ ಓದಲಾರದವನು ಅದನ್ನು ಬರೆದವನು ಹೇಗಾದಾನು?"

ಶಿಷ್ಯ ಮುರಿಗೆಯ್ಯ ಗುರುಗಳ ಮುಂದೆ ಕೈಮುಗಿದು ನಿಂತು ಕೇಳಿದ. ಬಟ್ಟೆಯ ಗಂಟು ಆಗಲೇ ಬಗಲಲ್ಲಿತ್ತು.

ಆ ಮಠದಲ್ಲಿ ಒಂದು ರೂಢಿಯಿತ್ತು. ಸೋಮವಾರ ಸಂಜೆಯ ಪೂಜೆ ಮುಗಿದ ಮೇಲೆ, ಹೊಸದಾಗಿ ಏನಾದರೂ ಬರೆದ ಶಿಷ್ಯ ಅದನ್ನು ಎಲ್ಲರ ಮುಂದೆ ಓದಬೇಕು. ಮುರಿಗೆಯ್ಯನ ಮನಸ್ಸಿನಲ್ಲಿ ಕತೆಗಳು ತಾವಾಗಿಯೇ ಹುಟ್ಟುತ್ತಿದ್ದವು. ಆದರೆ ಚಿಕ್ಕಂದಿನಿಂದಲೂ ಅಕ್ಷರಗಳು ಅವನ ಕಣ್ಣಿಗೆ ಒಂದು ಕಡೆ ನಿಂತವಲ್ಲ. ಮುಂದಿನದು ಹಿಂದೆ ಬರುತ್ತಿತ್ತು, ಹಿಂದಿನದು ಸಾಲು ಬಿಟ್ಟು ಇಳಿಯುತ್ತಿತ್ತು. ಒಂದು ಪುಟ ಬರೆಯಲು ವಾರ ಹಿಡಿಯುತ್ತಿತ್ತು. ಹಿಂದಿನ ಸಂಜೆ ಅಂಥ ಒಂದು ಪುಟ ಹಿಡಿದು ನಿಂತವನು ಎರಡನೆಯ ಸಾಲಿಗೇ ತಡವರಿಸಿದ. ಮೂರನೆಯ ಸಾಲು ಸಿಗಲೇ ಇಲ್ಲ.

"ಯಾರ ಹತ್ತಿರ ಬರೆಸಿಕೊಂಡು ಬಂದೆಯೋ ಅವರನ್ನೇ ಕರೆದುಕೊಂಡು ಬಾರಪ್ಪ, ಅವರೇ ಓದಲಿ" ಎಂದು ಹಿಂದಿನಿಂದ ಒಬ್ಬ ಅಂದ. ಎಲ್ಲರೂ ನಕ್ಕರು.

ನಕ್ಕವರ ಮೇಲೆ ಮುರಿಗೆಯ್ಯನಿಗೆ ಸಿಟ್ಟು ಬರಲಿಲ್ಲ. ಅವರು ಅಂದದ್ದೇ ನಿಜವೇನೋ ಎನ್ನಿಸಿತು.

"ಅಪ್ಪಣೆಯಾದರೆ ಊರಿಗೆ ಹೋಗಿ ದನ ಕಾಯುತ್ತೇನೆ, ಬುದ್ಧಿ. ಇನ್ನು ಬರೆಯುವುದಿಲ್ಲ" ಎಂದ.

ಗುರುಗಳು ಪೂಜೆಯ ದೀಪಗಳನ್ನು ಒರೆಸುತ್ತ ಕೂತಿದ್ದರು. ತಲೆ ಎತ್ತದೆ, "ಗಂಟು ಕೆಳಗಿಡು, ತಮ್ಮಾ. ಹೊರೆ ಹೊತ್ತುಕೊಂಡು ಕತೆ ಕೇಳಬಾರದು" ಎಂದವರು ಕತೆ ಹೇಳತೊಡಗಿದರು.

ಕಾಗದ ಬರುವುದಕ್ಕೆ ಮುಂಚಿನ ಮಾತು. ಒಬ್ಬ ರೈತನಿದ್ದ. ಅವನಿಗೂ ನಿನ್ನದೇ ಕಷ್ಟ. ಮರಳ ಮೇಲೆ ಅಕ್ಷರ ತಿದ್ದುವ ವಯಸ್ಸಿನಲ್ಲಿಯೇ, ಇದು ನಿನಗೆ ಹತ್ತುವುದಲ್ಲ ಎಂದು ಅಯ್ಯನವರು ಅವನನ್ನು ಮನೆಗೆ ಕಳಿಸಿದ್ದರು. ಆದರೆ ಕತೆ ಕಟ್ಟುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಬಾಲ ಹುಡುಕಿಕೊಂಡು ಹೊರಟ ಕರುವಿನ ಕತೆಯೊಂದನ್ನು ಮಗಳಿಗಾಗಿ ಕಟ್ಟಿ, ಅದನ್ನು ಹೇಳಿ ಹೇಳಿಯೇ ಅವಳನ್ನು ಬೆಳೆಸಿದ.

ಮಗಳು ದೂರದ ಊರಿಗೆ ಸೊಸೆಯಾಗಿ ಹೋದಳು. ಬಸುರಿಯಾದಾಗ ಹೇಳಿಕಳಿಸಿದಳು: "ಅಪ್ಪಾ, ಆ ಕರುವಿನ ಕತೆ ನನಗೆ ಅರ್ಧ ಮರೆತಿದೆ. ಹುಟ್ಟುವ ಕೂಸಿಗೆ ಏನು ಹೇಳಲಿ?"

ರೈತ ತಾಳೆಯೋಲೆ ತಂದ, ಕಬ್ಬಿಣದ ಮೊನೆ ತಂದ. ಊರ ಶಾನುಭೋಗರು ಜಗಲಿಯಲ್ಲಿ ಕೂತು ಓಲೆಯ ಮೇಲೆ ಗೀರುವುದನ್ನು ಅವನು ದೂರದಿಂದ ಕಂಡಿದ್ದ. ಹಾಗೆಯೇ ತಾನೂ ಕೂತ. ಚಿಕ್ಕಂದಿನಲ್ಲಿ ಕಲಿತಿದ್ದ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು, ಬೆವರಿಳಿಸಿಕೊಂಡು ಗೀರಿದ. ಕತೆ ಮುಗಿಸಿ ನೋಡಿದರೆ ಓಲೆಗಳೆಲ್ಲ ಬರಿದು. ಗೀರಿದ ಮೇಲೆ ಮಸಿ ಹಚ್ಚಬೇಕು, ಆಗ ಅಕ್ಷರ ಕಾಣುತ್ತದೆ. ಅದನ್ನು ಶಾನುಭೋಗರು ಒಳಗೆ ಹೋಗಿ ಮಾಡುತ್ತಿದ್ದರು. ರೈತ ಅದನ್ನು ಕಂಡಿರಲಿಲ್ಲ.

"ಇಷ್ಟು ದಿನ ಜಾಗ ಬದಲಿಸುತ್ತಿದ್ದವು, ಈಗ ಮನೆ ಬಿಟ್ಟೇ ಹೋದವು" ಎಂದುಕೊಂಡು ಅವನು ಓಲೆಗಳನ್ನು ಮೂಲೆಗೆ ಎಸೆದ.

ಒಂದು ದಿನ ಅವನ ಹೆಂಡತಿ ದೀಪದ ಗೂಡಿನ ಮಸಿ ಕೆರೆಯಲು ಅವುಗಳಲ್ಲೇ ಒಂದು ಓಲೆ ತೆಗೆದುಕೊಂಡಳು. ಕೆರೆದಳು, ಸೆರಗಿನಿಂದ ಒರೆಸಿದಳು. "ಇಲ್ಲಿ ಬಂದು ನೋಡ್ರಿ" ಎಂದು ಕೂಗಿದಳು. ಓಲೆಯ ತುಂಬ ಕಪ್ಪು ಅಕ್ಷರ.

ಎತ್ತಿಗೆ ನೀರು ಕುಡಿಸಲೆಂದು ಗಾಡಿ ನಿಲ್ಲಿಸಿದ್ದ ಒಬ್ಬ ವರ್ತಕನಿಗೆ ಓದು ಬರುತ್ತಿತ್ತು. ಹೆಂಡತಿ ಓಲೆಗಳಿಗೆಲ್ಲ ಮಸಿ ಹಚ್ಚಿ ಅವನ ಕೈಗೆ ಕೊಟ್ಟಳು. ವರ್ತಕ ಓದಿ ನಕ್ಕ. "ಏನಯ್ಯಾ, 'ಕರು' ಇರಬೇಕಾದ ಕಡೆ 'ರುಕ' ಇದೆಯಲ್ಲ! ಪಾಪದ ಪ್ರಾಣಿ, ಬಾಲ ಮೊದಲೇ ಕಳೆದಿತ್ತು. ನೀನು ತಲೆಯನ್ನೂ ಹಿಂದಕ್ಕೆ ತಿರುಗಿಸಿಬಿಟ್ಟೆ."

ಓದುತ್ತ ಓದುತ್ತ ಅವನ ನಗು ನಿಂತಿತು. ಕಡೆಯ ಓಲೆ ಮುಗಿಸಿ, ಮತ್ತೆ ಮೊದಲನೆಯದನ್ನು ಎತ್ತಿಕೊಂಡ. ಎತ್ತುಗಳು ನೀರು ಕುಡಿದು ಕಾಯುತ್ತಿದ್ದವು.

ರೈತ ಮೆಲ್ಲಗೆ ಕೇಳಿದ: "ಸಾಹುಕಾರರೇ, ನಾನು ಬರೆದಾಗ ಏನೂ ಇರಲಿಲ್ಲ. ಇವಳು ಮುಟ್ಟಿದ ಮೇಲೆ ಬಂತು. ಇದನ್ನು ಬರೆದವರು ನಾನೋ, ಇವಳೋ?"

ವರ್ತಕ ಒಂದು ಓಲೆಗೆ ಇನ್ನಷ್ಟು ಮಸಿ ಬಳಿದು ಒರೆಸಿ ತೋರಿಸಿದ. "ನೋಡು, ಮಸಿ ಎಲ್ಲ ಕಡೆಗೂ ಬಿತ್ತು. ನೀನು ಗೀರಿದ ಕಡೆ ಮಾತ್ರ ನಿಂತಿತು."

ಓಲೆಯ ಕಟ್ಟು ಅವನ ಗಾಡಿಯಲ್ಲೇ ಮಗಳ ಊರಿಗೆ ಹೋಯಿತು. ಆ ಮನೆಯ ಮಕ್ಕಳು ಇಂದಿಗೂ ಕರುವನ್ನು ರುಕ ಎಂದೇ ಕೂಗುತ್ತಾರಂತೆ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ತಲೆ ತಗ್ಗಿಸಿದ. "ಆ ರೈತನ ಮನೆಯಲ್ಲಿ ಮಸಿ ಹಚ್ಚುವವರು ಒಬ್ಬರಿದ್ದರು, ಬುದ್ಧಿ" ಎಂದ.

ಗುರುಗಳು ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟರು. ಅವರ ಬೆರಳುಗಳೆಲ್ಲ ಕಪ್ಪಾಗಿದ್ದವು. ನಿನ್ನೆಯ ಪುಟಕ್ಕಾಗಿ ಆ ಕೈಯನ್ನೇ ಚಾಚಿದರು.

"ನೀನು ಬರೆ, ಮಗನೇ. ಮಸಿ ನಾನು ಹಚ್ಚುತ್ತೇನೆ."

ಮುರಿಗೆಯ್ಯ ಗಂಟು ಬಿಚ್ಚಿ, ಪುಟವನ್ನು ಓದಲೆಂದು ಆ ಕೈಗೆ ಕೊಟ್ಟ.