ಅಳತೆಗೆ ಬಂದ ಬ್ರೇಕ್ ಪ್ಯಾಡು

"ಘಾಟಿಯ ತಿರುವಿನಲ್ಲಿ ಎದುರಿಗೆ ಆನೆ ನಿಂತಿತ್ತು. ಈರುಳ್ಳಿ ತುಂಬಿದ್ದ ಪಿಕಪ್ ಗಾಡಿಯನ್ನು ನಾನೊಬ್ಬನೇ ಹಿಡಿದು ನಿಲ್ಲಿಸಿದೆ. ಗಾಡಿಯ ಮೂತಿಗೂ ಸೊಂಡಿಲಿಗೂ ನಡುವೆ ಒಂದು ವೀಳ್ಯದೆಲೆ ತೂರುವಷ್ಟು ಜಾಗ. ಆನೆ ನನಗೆ ಸಲಾಮು ಹೊಡೆದು ಹೋಯಿತು," ಎಂದಿತು ಸವೆದ ಬ್ರೇಕ್ ಪ್ಯಾಡು.

ಹೊಸ ಪ್ಯಾಡು ಕೊಳ್ಳಲು ಬಂದ ಮೆಕ್ಯಾನಿಕ್ ಮೌಲಾಲಿ ಅಳತೆ ನೋಡಲೆಂದು ಈ ಹಳೆಯದನ್ನು ಬಿಡಿಭಾಗಗಳ ಅಂಗಡಿಗೆ ತಂದಿದ್ದ. ಅಳತೆಗೆ ಒಂದೇ ಸಾಕೆಂದು, ಚಕ್ರದಲ್ಲಿ ಅದರ ಜೊತೆಗಿದ್ದ ಇನ್ನೊಂದನ್ನು ಗುಜರಿಗೆ ಎಸೆದು ಬಂದಿದ್ದ. ಕೌಂಟರಿನ ಮೇಲಿದ್ದ ಹಳೆಯದಕ್ಕೆ ಒಂದೇ ಆಸೆ: ತನ್ನ ಪ್ರತಾಪ ಕೇಳಿ ಡಬ್ಬಿಗಳಲ್ಲಿನ ಹೊಸ ಪ್ಯಾಡುಗಳು ಹಿಂಜರಿದರೆ ತಾನೇ ಮತ್ತೆ ಚಕ್ರಕ್ಕೆ ಹೋಗಬಹುದು.

ಮೊದಲ ಡಬ್ಬಿಯ ಜೋಡಿ, "ಆನೆಗೀನೆ ನಮ್ಮ ಕೈಲಾಗದು ಅಜ್ಜ," ಎಂದಿತು. ಅಳತೆಗೂ ಕೂಡಲಿಲ್ಲ, ಡಬ್ಬಿಗೆ ವಾಪಸು ಹೋಯಿತು. ಹಳೆಯದು ಎದೆಯುಬ್ಬಿಸಿತು.

ಎರಡನೆಯ ಜೋಡಿಯನ್ನು ಮೌಲಾಲಿ ಅದರ ಮೇಲಿಟ್ಟು ನೋಡಿದ. ಅಂಚಿಗೆ ಅಂಚು ಸರಿಯಾಗಿ ಕೂತಿತು. ಆ ಜೋಡಿಯಲ್ಲೊಂದು ಮೆಲ್ಲಗೆ ಕೇಳಿತು, "ಅಜ್ಜ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಮಗ್ಗುಲಿಂದ ಅದುಮಿದರಲ್ಲವೇ ಚಕ್ರ ನಿಲ್ಲುವುದು? ನೀನೊಬ್ಬನೇ ಹೇಗೆ ಹಿಡಿದೆ? ಆ ಮಗ್ಗುಲಲ್ಲಿ ಯಾರಿದ್ದರು?"



"ಇದ್ದ ಒಬ್ಬ," ಎಂದಿತು ಹಳೆಯದು. "ಅವನೂ ಇಲ್ಲಿ ಇದ್ದಿದ್ದರೆ, ಇಬ್ಬರೂ ಸೇರಿ ನಿಲ್ಲಿಸಿದೆವು ಅಂತಲೇ ಹೇಳುತ್ತಿದ್ದೆ."

ಹಾಗೆಂದು ಹೆಗಲು ಕುಣಿಸಿತು.