ನಿಂಗಾಜಮ್ಮನ ಹಿತ್ತಲಿಗೆ ಆಸೆಪಟ್ಟ ರಾಜ

ಎಲ್ಲರೂ ಹತ್ತಿರ ಸರಿದು ಕೂತ್ಕೊಳ್ಳಿ, ಹೇಳ್ತೀನಿ. ಹುತ್ತದಕೋಟೆ ಅಂತ ಒಂದು ರಾಜ್ಯ. ಅಲ್ಲಿ ಭೀಮಭೂಪಾಲ ಅಂತ ಒಬ್ಬ ರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಏಳು ಸುತ್ತಿನ ಕೋಟೆ ಇತ್ತು. ನೆಮ್ಮದಿ ಒಂದು ಇರಲಿಲ್ಲ. ಊಟಕ್ಕೆ ಕೂತರೆ ಯುದ್ಧದ ಯೋಚನೆ. ಯುದ್ಧಕ್ಕೆ ಹೋದರೆ ಊಟದ ಯೋಚನೆ. ಮಲಗಿದರೆ ಎರಡರದ್ದೂ ಯೋಚನೆ.

ವೈದ್ಯರು ಬಂದು ತಲೆಗೆ ಎಣ್ಣೆ ತಟ್ಟಿದರು. ಎಣ್ಣೆ ಖಾಲಿಯಾಯಿತು, ಯೋಚನೆ ಖಾಲಿಯಾಗಲಿಲ್ಲ. ಸಂಗೀತಗಾರರು ಬಂದು ಹಾಡಿದರು. ಆಲಾಪದ ನಡುವೆಯೇ, ಇದು ಯಾವಾಗ ಮುಗಿಯುತ್ತೆ ಅಂತ ರಾಜ ಕೇಳಿದ. ಕೊನೆಗೆ ಒಬ್ಬ ಸನ್ಯಾಸಿಯನ್ನು ಕರೆಸಿದರು. ಮೂರು ದಿನ ರಾಜನ ಜೊತೆಗಿದ್ದ ಸನ್ಯಾಸಿ, ನನಗಿದ್ದ ನೆಮ್ಮದಿಯೂ ಹೋಯಿತು ಅಂತ ಓಡಿಹೋದ.

ಒಂದು ಬೆಳಿಗ್ಗೆ ರಾಜ ತನ್ನ ಮಂತ್ರಿ ಸೂರಪ್ಪಯ್ಯನ ಜೊತೆ ಸವಾರಿ ಹೊರಟ. ಊರಂಚಿನಲ್ಲಿ ಅವನ ಕುದುರೆ ಒಂದು ಬೇಲಿಯೊಳಕ್ಕೆ ಕತ್ತು ಚಾಚಿ ಚೆಂಡುಹೂವು ತಿನ್ನತೊಡಗಿತು. ರಾಜ ಇಣುಕಿ ನೋಡಿದ. ಅದು ಹೂ ಕಟ್ಟಿ ಮಾರೋ ನಿಂಗಾಜಮ್ಮನ ಹಿತ್ತಲು. ಮುದುಕಿ ಸೇವಂತಿಗೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಹುಳ ಆರಿಸ್ತಿದ್ದಳು. ರಾಜ ಒಂದು ಸಲ ಕೆಮ್ಮಿದ. ಎರಡು ಸಲ ಕೆಮ್ಮಿದ. ಮೂರನೇ ಸಲ ಕೆಮ್ಮಿದಾಗ ಅವಳು ತಿರುಗಿಯೂ ನೋಡದೆ, "ಶುಂಠಿ ಕಷಾಯ ಕುಡಿಯಪ್ಪ" ಅಂದಳು.

ಪಕ್ಕದಿಂದ ಕಾಣ್ತಿದ್ದ ಆ ಮುಖದಷ್ಟು ತಣ್ಣಗಿನ ಮುಖವನ್ನು ರಾಜ ಕಂಡೇ ಇರಲಿಲ್ಲ. ಇದರ ಗುಟ್ಟೇನು ಅಂತ ಕೇಳಿದ. ಅವಳು ಎದ್ದು ಕೈಮುಗಿದು, ಗುಟ್ಟೇನೂ ಇಲ್ಲ ಬುದ್ಧಿ, ಇಲ್ಲಿ ಕೂತರೆ ಬೇರೇನೂ ನೆನಪಾಗಲ್ಲ ಅಂದಳು. ಹಾಗಾದರೆ ನೆಮ್ಮದಿ ಈ ತೋಟದಲ್ಲೇ ಇದೆ ಅಂದುಕೊಂಡ ರಾಜ, ಹಿತ್ತಲೂ ಗುಡಿಸಲೂ ಇನ್ನು ತನ್ನವು, ನಾಳೆಯೇ ಜಾಗ ಖಾಲಿ ಮಾಡು ಅಂತ ಅಪ್ಪಣೆ ಮಾಡಿಬಿಟ್ಟ.

ಒಂದೊಂದು ಗಿಡವೂ ನಿಂಗಾಜಮ್ಮ ಕೈಯಾರೆ ನೆಟ್ಟಿದ್ದು. ಅವಳ ಅನ್ನವೂ ಅದರಿಂದಲೇ. ಆದರೆ ಇವನ ಮುಂದೆ ಅತ್ತರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೆ ಹೀಗೆ ಕೇಳಿಕೊಂಡಳು: ತೋಟ ತಗೊಳ್ಳಿ, ಆದರೆ ಕೆಲಸ ನೀವೇ ಮಾಡಬೇಕು, ಆಳು ಮಾಡಿದರೆ ನೆಮ್ಮದಿ ಆಳಿಗೆ ಹೋಗುತ್ತೆ. ನಿಮಗದು ಸಿಗೋವರೆಗೆ ನಾನಿಲ್ಲೇ ಇದ್ದು ಕಲಿಸ್ತೀನಿ, ಸಿಕ್ಕ ದಿನ ಗಂಟು ಕಟ್ಟಿ ಹೊರಡ್ತೀನಿ. ರಾಜ ಒಪ್ಪಿ ಮಾತು ಕೊಟ್ಟ.

ಮೊದಲ ದಿನ ನೀರು ಹಾಕೋ ಕೆಲಸ. ರಾಜ ಚೊಂಬು ಹಿಡಿದ. ಮನಸ್ಸು ಪಕ್ಕದ ರಾಜ್ಯದ ಆನೆಗಳ ಮೇಲಿತ್ತು. ನೀರೆಲ್ಲ ತನ್ನ ಕಾಲ ಮೇಲೇ ಸುರಿದುಕೊಂಡ.

"ಕಾಲು ಚಿಗುರಲ್ಲ ಬುದ್ಧಿ, ಗಿಡಕ್ಕೆ ಹಾಕಿ" ಅಂದಳು ನಿಂಗಾಜಮ್ಮ.

ಸಂಜೆ ರಾಜ ಬೇಲಿ ಅದುರೋ ಹಾಗೆ ಕೂಗಿದ, ನೆಮ್ಮದಿ ಸಿಕ್ತು, ನೀನು ಹೊರಡು ಅಂತ. ಸಿಕ್ಕಿದ್ದರೆ ಇಷ್ಟು ಜೋರಾಗಿ ಯಾಕೆ ಕೂಗ್ತಿದ್ರಿ ಅಂತ ಅವಳು ಕೇಳಿದಳು. ರಾಜ ಒದ್ದೆ ಕಾಲಲ್ಲೇ ಅರಮನೆಗೆ ಹೋದ.

ಎಂಟನೇ ದಿನ ಹುಳ ಆರಿಸೋ ಕೆಲಸ. ರಾಜ ಕತ್ತಿ ಹಿರಿದು ಬೀಸಿದ. ಸೇವಂತಿಗೆ ಗಿಡ ಎರಡು ತುಂಡಾಯಿತು, ಹುಳ ಮಾತ್ರ ಪಕ್ಕದ ಗಿಡಕ್ಕೆ ನಿಧಾನವಾಗಿ ಹತ್ತಿತು. ಅವತ್ತು ಸಂಜೆ ಅವನು ಹಲ್ಲು ಕಚ್ಚಿಕೊಂಡು ಮೆಲ್ಲಗೆ, ಈಗ ಸಿಕ್ತು, ಹೊರಡು ಅಂದ.

"ಸಿಕ್ಕಿದ್ದರೆ, ಒಬ್ಬ ಮುದುಕೀನ ಹೊರಗೆ ಹಾಕೋ ಆತುರ ಯಾಕೆ ಬುದ್ಧಿ?"

ರಾಜ ಕತ್ತಿಯನ್ನು ಗುಡಿಸಲ ಸೂರಿಗೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಬೆರಳಲ್ಲೇ ಹುಳ ಆರಿಸೋದು ಕಲಿತ. ದಿನಗಳು ಹೋದವು. ನೀರು ಮಣ್ಣಿಗೆ ಇಳಿಯೋದನ್ನು ನೋಡ್ತಾ ನಿಲ್ಲೋದು ಅಭ್ಯಾಸವಾಯಿತು. ಅರಮನೆಯಲ್ಲಿ ಅನ್ನದ ರುಚಿ ತಿಳಿಯತೊಡಗಿತು. ಅಡಿಗೆಯವನು ಆರು ವರ್ಷದಿಂದ ಸಾರಿಗೆ ಉಪ್ಪು ಕಡಿಮೆ ಹಾಕ್ತಿದ್ದ ಅಂತ ರಾಜನಿಗೆ ಗೊತ್ತಾಗಿದ್ದೇ ಆಗ.

ಒಂದು ತಿಂಗಳಾಯಿತು. ಒಂದು ಸಂಜೆ ರಾಜ ಮಲ್ಲಿಗೆ ಮೊಗ್ಗು ಬಿಡಿಸ್ತಿದ್ದ. ಸೂರಪ್ಪಯ್ಯ ಬಂದು ಒಂದು ಸಲ ಕೆಮ್ಮಿದ. ಎರಡು ಸಲ ಕೆಮ್ಮಿದ. ರಾಜನಿಗೆ ಕೇಳಿಸಲೇ ಇಲ್ಲ. ಮೂರನೇ ಸಲಕ್ಕೆ ತಲೆ ಎತ್ತಿದ. ಮುಖ ತಣ್ಣಗಿತ್ತು. ಮಂತ್ರಿಗೆ ಹಿಗ್ಗೋ ಹಿಗ್ಗು.

"ಸಿಕ್ಕಿತಲ್ಲ ಪ್ರಭು! ಮುದುಕಿಯನ್ನು ಇವತ್ತೇ ಹೊರಡಿಸೋಣವೇ?"

ರಾಜ ನಿಂಗಾಜಮ್ಮನ ಕಡೆ ನೋಡಿದ. ಅವಳ ಕೈ ಹೂ ಕಟ್ಟೋದನ್ನು ನಿಲ್ಲಿಸಿತ್ತು. ಇವಳನ್ನು ಓಡಿಸಿದರೆ ನೆಮ್ಮದಿ ಹೋಗುತ್ತೆ, ಓಡಿಸದಿದ್ದರೆ ತೋಟ ಹೋಗುತ್ತೆ ಅಂತ ಆಗ ಅವನಿಗೆ ಹೊಳೀತು. ಮಾತು ಕೊಡೋವಾಗಲೇ ಅವನು ಸೋತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವ್ವಾ, ಹಿತ್ತಲು ನಿನ್ನದೇ. ನನಗೆ ನಾಲ್ಕು ಕಡ್ಡಿ ಕೊಡು, ಅರಮನೆ ಹಿಂದೆ ನೆಡ್ತೀನಿ" ಅಂದ.

ಪುಕ್ಕಟೆ ಕೊಟ್ಟರೆ ಗಿಡ ಬೇರು ಹಿಡಿಯಲ್ಲ ಅಂತ ಅವಳು ಎರಡು ಗಾಡಿ ಆನೆ ಲದ್ದಿ ಕೇಳಿದಳು. ಗೊಬ್ಬರಕ್ಕೆ. ಗಾಡಿಯ ಜೊತೆ ಸೂರಪ್ಪಯ್ಯನೇ ಮೂಗು ಮುಚ್ಚಿಕೊಂಡು ಬಂದು ಇಳಿಸಿಕೊಟ್ಟ.

ತೋಟವನ್ನು ಕಿತ್ಕೋಬಹುದು ಮಕ್ಕಳೇ, ನೆಮ್ಮದಿಯನ್ನು ಕಿತ್ಕೊಳ್ಳೋಕಾಗಲ್ಲ. ಕೈಯಿರೋ ಕಡೆ ಮನಸ್ಸಿಟ್ಟವರಿಗೆ ಅದು ತಾನಾಗೇ ಬರುತ್ತೆ. ಇದೇ ಈ ಕಥೆಯ ನೀತಿ. ಇನ್ನು ಎದ್ದು ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಹೊತ್ತಾಯಿತು.